ಬೆಳಿಗ್ಗೆ ನೀಲಿ ಹೊಗೆನಾ? ಎಂಜಿನ್ ಬೋರ್ ಮಾಡಿಸೋ ಮುಂಚೆ ವಾಲ್ವ್ ಸೀಲ್ ನೋಡಿ

ಕೆಎ-32 ನಂಬರಿನ ಹಳೆಯ ಮಾರುತಿ 800, ಓಮ್ನಿ, ಅಲ್ಲೊಂದು ಇಲ್ಲೊಂದು ಅಂಬಾಸಿಡರ್ ಕಲಬುರಗಿ ರಸ್ತೆಗಳಲ್ಲಿ ಇನ್ನೂ ಕಣ್ಣಿಗೆ ಬೀಳುತ್ತವೆ. ವಯಸ್ಸಾದ ಈ ಗಾಡಿಗಳಿಗೆ ಬರುವ ಒಂದು ಮಾಮೂಲಿ ತೊಂದರೆ ಹೀಗಿರುತ್ತದೆ. ರಾತ್ರಿಯಿಡೀ ನಿಂತ ಕಾರನ್ನು ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಸೈಲೆನ್ಸರ್‌ನಿಂದ ದಟ್ಟ ನೀಲಿ ಹೊಗೆ ಬರುತ್ತದೆ. ಒಂದೆರಡು ನಿಮಿಷ ಅಷ್ಟೇ. ಆಮೇಲೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಗಾಡಿ ಓಡುತ್ತದೆ. ಗ್ಯಾರೇಜಿಗೆ ಒಯ್ದರೆ ಬಾನೆಟ್ ಎತ್ತುವ ಮೊದಲೇ ಮಾತು ಬಂದಿರುತ್ತದೆ: "ರಿಂಗ್ ಹೋಗ್ಯಾವ್ರಿ ಸರ, ಬೋರ್ ಮಾಡಸಬೇಕ್ರಿ."

ಸ್ವಲ್ಪ ತಡೆಯಿರಿ. ಬೋರ್ ಅಂದರೆ ಸವೆದ ಸಿಲಿಂಡರನ್ನು ಕೊರೆದು ಅಗಲ ಮಾಡುವುದು. ಅದಕ್ಕೆ ಎಂಜಿನ್ ಇಳಿಸಬೇಕು, ಬ್ಲಾಕ್ ಲೇತಿಗೆ ಹೋಗಬೇಕು, ಹೊಸ ಪಿಸ್ಟನ್, ಅದರ ಸುತ್ತ ಕೂತು ಆಯಿಲ್ ತಡೆಯುವ ಹೊಸ ರಿಂಗ್ ಎಲ್ಲ ಬರಬೇಕು. ಹೊಗೆ ಬರೀ ಬೆಳಿಗ್ಗೆ ಬರುತ್ತಿದ್ದರೆ ತಪ್ಪು ರಿಂಗಿನದ್ದಲ್ಲದೆಯೂ ಇರಬಹುದು. ಉಗುರಿನಷ್ಟು ದೊಡ್ಡ ಒಂದು ರಬ್ಬರ್ ಸೀಲ್ ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೂ ಹೀಗೇ ಆಗುತ್ತದೆ.

ಸಿಲಿಂಡರಿಗೆ ಗಾಳಿ-ಪೆಟ್ರೋಲ್ ಬಿಡುವ, ಹೊಗೆ ಹೊರಹಾಕುವ ಬಾಗಿಲೇ ವಾಲ್ವ್. ಅದರ ಕಡ್ಡಿ, ಸಿಲಿಂಡರುಗಳ ಮೇಲೆ ಮುಚ್ಚಳದಂತೆ ಕೂತ ಹೆಡ್ಡಿನಲ್ಲಿರುವ ಗೈಡ್ ಎಂಬ ಕೊಳವೆಯೊಳಗೆ ಮೇಲೆ ಕೆಳಗೆ ಆಡುತ್ತದೆ. ಆ ಗೈಡಿನ ತಲೆ ಮೇಲೆ ಟೊಪ್ಪಿಗೆ ಹಾಗೆ ಕೂತಿರುವುದೇ ವಾಲ್ವ್ ಸೀಲ್. ವಾಲ್ವನ್ನು ಒತ್ತಿ ತೆರೆಯುವ ರಾಕರ್ ಮೇಲೆ ಚಿಮ್ಮುವ ಆಯಿಲ್ ಕಡ್ಡಿಗುಂಟ ಕೆಳಗಿಳಿಯದಂತೆ ಅದರ ತುಟಿ ತಡೆಯುತ್ತದೆ. ಪೂರ್ತಿ ಒಣಗಿಸುವುದೂ ಇಲ್ಲ, ಕಡ್ಡಿ ಜಾರಲು ಬೇಕಾದ ಪಸೆ ಬಿಡುತ್ತದೆ. ಹಳೆಯ ಸೀಲುಗಳು ಹೆಚ್ಚಾಗಿ ನೈಟ್ರೈಲ್ ರಬ್ಬರಿನವು. ವರ್ಷಗಟ್ಟಲೆ ಬಿಸಿ ಆಯಿಲಿನಲ್ಲಿ ಬೆಂದು ಗಟ್ಟಿಯಾಗುತ್ತವೆ. ಮೇ ತಿಂಗಳಲ್ಲಿ 42 ಡಿಗ್ರಿ ಮುಟ್ಟುವ ನಮ್ಮೂರಿನ ಬಿಸಿಲು, ಹಳೆಯ ಆಯಿಲಿನಲ್ಲೇ ಗಾಡಿ ಓಡಿಸುವ ಚಾಳಿ ಎರಡೂ ಸೇರಿದರೆ ಕೇಳಲೇಬೇಡಿ. ಆಮೇಲೆ ರಾತ್ರಿಯೆಲ್ಲ ಆಯಿಲ್ ತೊಟ್ಟಿಕ್ಕಿ ವಾಲ್ವಿನ ಹಿಂದೆ, ಪಿಸ್ಟನ್ ಮೇಲೆ ಕೂರುತ್ತದೆ. ಬೆಳಿಗ್ಗೆ ಸುಡುವುದು ಅದೇ.

ಹೊಗೆ ಯಾವಾಗ ಬರುತ್ತದೆ?

ಪಾನಾ ಹಿಡಿಯುವ ಮೊದಲು ಒಂದು ವಾರ ಹೊಗೆಯನ್ನು ಗಮನಿಸಿ. ಬಣ್ಣಕ್ಕಿಂತ ಅದು ಬರುವ ಹೊತ್ತು ಮುಖ್ಯ.

ಬೆಳಿಗ್ಗೆ ಮೊದಲ ಸ್ಟಾರ್ಟಿಗೆ ಬಂದು ನಿಂತುಹೋದರೆ ಸೀಲ್ ಮೇಲೆ ಅನುಮಾನ ಪಡಿ. ಜಗತ್ ಸರ್ಕಲ್ಲಿನ ಟ್ರಾಫಿಕ್‌ನಲ್ಲಿ ಸುಮಾರು ಹೊತ್ತು ಐಡಲ್‌ನಲ್ಲಿ ನಿಂತು ಹೊರಟಾಗ ಹಿಂದಿನ ಬೈಕಿನವನು ಮುಖ ಮುಚ್ಚಿಕೊಂಡರೆ ಅದೂ ಸೀಲಿನ ಲಕ್ಷಣವೇ. ಆಕ್ಸಿಲರೇಟರ್ ಬಿಟ್ಟಾಗ ಇನ್‌ಲೆಟ್ ಕಡೆ ಗಾಳಿಯ ಎಳೆತ ಜಾಸ್ತಿಯಾಗಿ ಗೈಡಿನ ಮೂಲಕ ಆಯಿಲನ್ನು ಒಳಗೆ ಹೀರುತ್ತದೆ. ಇದನ್ನು ನೋಡಬೇಕೆಂದರೆ ಸೇಡಂ ರಸ್ತೆಯ ಕಡೆ ಹೋಗಿ, ಖಾಲಿ ಜಾಗದಲ್ಲಿ ಗೇರಿನಲ್ಲೇ ಆಕ್ಸಿಲರೇಟರ್ ಬಿಟ್ಟು ಸ್ವಲ್ಪ ದೂರ ಹಾಗೇ ಹೋಗಲು ಬಿಡಿ. ಆಮೇಲೆ ಒಮ್ಮೆ ಒತ್ತಿ ಕನ್ನಡಿ ನೋಡಿ. ಒಂದು ಮುದ್ದೆ ನೀಲಿ ಹೊಗೆ ಎದ್ದು ಮಾಯವಾದರೆ ಸೀಲು.

ಲೋಡ್ ಹಾಕಿ ಎಳೆಯುವಾಗಲೆಲ್ಲ ಹೊಗೆ ಬಂದರೆ, ಆಯಿಲ್ ಹಾಕುವ ಮುಚ್ಚಳ ತೆಗೆದಾಗ ಬುಸಬುಸ ಗಾಳಿ ಬಂದರೆ ಅದು ರಿಂಗಿನ ಕಡೆಯ ಮಾತು. ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಸಿಕ್ಕರೆ ಇನ್ನೂ ಒಳ್ಳೆಯದು. ಕಡಿಮೆ ತೋರಿಸಿದ ಸಿಲಿಂಡರಿಗೆ ಪ್ಲಗ್ ತೂತಿನಿಂದ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ನೋಡಿ. ಮುಳ್ಳು ಎದ್ದರೆ ರಿಂಗ್ ಸವೆದಿದೆ. ಹಾಗಿದ್ದರೆ ಗ್ಯಾರೇಜಿನವರ ಮಾತೇ ನಿಜ, ಈ ಲೇಖನ ನಿಮಗಲ್ಲ. ಎಲ್ಲ ಸಿಲಿಂಡರೂ ಸರಿಯಾಗಿದ್ದು ಪ್ಲಗ್ ಮಾತ್ರ ಎಣ್ಣೆಯಲ್ಲಿ ನೆಂದಿದ್ದರೆ ಮುಂದೆ ಓದಿ.

ಎಂಜಿನ್ ಒಳಗಿನ ಆವಿ ಹೊರಹೋಗುವ ಬ್ರೀದರ್ ಪೈಪ್ ಕಟ್ಟಿಕೊಂಡಿದ್ದರೂ ಎಂಜಿನ್ ಆಯಿಲ್ ಕುಡಿಯುತ್ತದೆ. ಅದನ್ನು ಬಿಚ್ಚಿ ತೊಳೆಯಲು ಹತ್ತು ನಿಮಿಷ ಸಾಕು. ಮೊದಲು ಅದನ್ನೇ ಮಾಡಿ. ಬಿಳಿ ಹೊಗೆ ಬಂದು ರೇಡಿಯೇಟರ್ ನೀರು ಕಡಿಮೆಯಾಗುತ್ತಿದ್ದರೆ ಅದು ಹೆಡ್ ಪ್ಯಾಕಿಂಗಿನ ಕಥೆ.

ಏನೇನು ಬೇಕು

ಹೊಸ ಸೀಲ್ ಸೆಟ್, ಟ್ಯಾಪೆಟ್ ಕವರ್ (ಹೆಡ್ ಮೇಲಿನ ಮುಚ್ಚಳ) ಪ್ಯಾಕಿಂಗ್, ಸಂದು ಅಳೆಯುವ ಫೀಲರ್ ಗೇಜ್, ಬಿಗಿತ ಅಳೆಯುವ ಟಾರ್ಕ್ ರೆಂಚ್, ಉದ್ದ ಮೂತಿಯ ಮ್ಯಾಗ್ನೆಟ್, ಗ್ರೀಸ್, ನೂಲು ಬಿಡದ ಬಟ್ಟೆ. ಸೀಲ್ ಕೊಳ್ಳುವಾಗ ಎಂಜಿನ್ ನಂಬರ್ ಹೇಳಿ ಕೊಳ್ಳಿ. ವೈಟಾನ್ ರಬ್ಬರಿನದು ಸಿಕ್ಕರೆ ಸ್ವಲ್ಪ ಜಾಸ್ತಿ ದುಡ್ಡು ಕೊಟ್ಟಾದರೂ ಅದನ್ನೇ ತೆಗೆದುಕೊಳ್ಳಿ. ನೈಟ್ರೈಲಿಗಿಂತ ಎಷ್ಟೋ ಹೆಚ್ಚು ಬಿಸಿ ತಡೆಯುತ್ತದೆ. ಬಣ್ಣ ನೋಡಿ ವೈಟಾನ್ ಅಂದುಕೊಳ್ಳಬೇಡಿ, ಪ್ಯಾಕೆಟ್ ಮೇಲೆ ಬರೆದದ್ದು ಓದಿ.

ವಾಲ್ವನ್ನು ಮುಚ್ಚಿ ಹಿಡಿಯುವ ಸ್ಪ್ರಿಂಗನ್ನು ಒತ್ತುವ ಕಂಪ್ರೆಸರ್ ವಿಷಯದಲ್ಲಿ ಎಡವುವವರು ಜಾಸ್ತಿ. 'ಸಿ' ಆಕಾರದ್ದು ಹೆಡ್ ಇಳಿಸಿದಾಗ ಮಾತ್ರ ಉಪಯೋಗಕ್ಕೆ ಬರುತ್ತದೆ, ಅದರ ಒಂದು ಬಾಯಿ ವಾಲ್ವಿನ ಅಡಿಗೆ ಹೋಗಬೇಕಲ್ಲ. ಹೆಡ್ ಇಳಿಸದೆ ಮಾಡಲು ಮೇಲಿನಿಂದಲೇ ಒತ್ತುವ ಲಿವರ್ ಮಾದರಿಯದು ಬೇಕು.

ಕೊನೆಗೆ ಒಂದು ಮೀಟರ್ ಹಗ್ಗ. ಹೌದು, ಹಗ್ಗವೇ. ಪ್ಲಗ್ ತೂತಿನಲ್ಲಿ ಸಲೀಸಾಗಿ ಇಳಿಯುವ, ಸುಮಾರು 8 ಮಿಲಿಮೀಟರ್ ದಪ್ಪದ, ಹೆಣೆದ ನೈಲಾನ್ ಹಗ್ಗ. ಪುಂಡಿ ನಾರಿನದು, ಸುತಳಿ, ತೆಂಗಿನ ನಾರಿನದು ಬೇಡವೇ ಬೇಡ. ಎಳೆ ಕಿತ್ತು ಸಿಲಿಂಡರಿನಲ್ಲೇ ಉಳಿಯುತ್ತದೆ.

ಬಿಚ್ಚುವ ಕೆಲಸ

ಎಂಜಿನ್ ಪೂರ್ತಿ ತಣ್ಣಗಿರಬೇಕು. ಬೇಸಿಗೆಯಲ್ಲಿ ಬೆಳಗಿನ ಆರಕ್ಕೇ ಶುರು ಮಾಡಿ, ಹತ್ತು ದಾಟಿದರೆ ಬಿಸಿಲಿಗೆ ಇಟ್ಟ ಪಾನಾ ಮುಟ್ಟಲೂ ಆಗುವುದಿಲ್ಲ. ಗಾಳಿ ಬೀಸುವ ದಿನ ಬಯಲಿನಲ್ಲಿ ಟ್ಯಾಪೆಟ್ ಕವರ್ ತೆಗೆಯಬೇಡಿ. ನಮ್ಮ ಕಡೆಯ ಕರಿಮಣ್ಣಿನ ಧೂಳು ಎಷ್ಟು ನುಣ್ಣಗೆ ಅಂತ ಬಟ್ಟೆ ಒಗೆಯುವವರನ್ನು ಕೇಳಿ.

ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ಪ್ಲಗ್ ವೈರುಗಳಿಗೆ ಟೇಪ್ ಸುತ್ತಿ 1, 2, 3 ಅಂತ ಬರೆಯಿರಿ. ಹಳೆಯ ಕಾರ್ಬ್ಯುರೇಟರ್ ಮಾರುತಿ 800ರ 796 ಸಿಸಿ ಎಂಜಿನ್ನಿಗೆ ಮೂರು ಸಿಲಿಂಡರ್, ಆರು ವಾಲ್ವ್. ಅಂದರೆ ಆರು ಸೀಲು. ಎಲ್ಲ ಪ್ಲಗ್ ಬಿಚ್ಚಿ. ಟ್ಯಾಪೆಟ್ ಕವರ್ ಎತ್ತಿದ ಕೂಡಲೇ ಆಯಿಲ್ ಕೆಳಗಿಳಿಯುವ ತೂತುಗಳಿಗೆಲ್ಲ ಬಟ್ಟೆ ತುರುಕಿ. ಇದನ್ನು ಮರೆತರೆ ಸ್ಪ್ರಿಂಗನ್ನು ಕಡ್ಡಿಗೆ ಹಿಡಿದಿಡುವ ಒಂದು ಪುಟ್ಟ ಲಾಕ್ ಜಾರಿ ಎಂಜಿನ್ ಅಡಿಯ ಆಯಿಲ್ ತೊಟ್ಟಿಗೆ, ಅಂದರೆ ಸಂಪಿಗೆ ಬೀಳುತ್ತದೆ, ಆಮೇಲೆ ಸಂಪ್ ಇಳಿಸಬೇಕಾಗುತ್ತದೆ.

ಈಗ ರಾಕರ್ ಶಾಫ್ಟ್. ಮೊದಲು ರಾಕರ್ ತುದಿಯ ಟ್ಯಾಪೆಟ್ ಸ್ಕ್ರೂ ಎಲ್ಲ ಸಡಿಲ ಮಾಡಿ. ಶಾಫ್ಟಿನ ಬೋಲ್ಟುಗಳನ್ನು ಒಂದೊಂದನ್ನೇ ಪೂರ್ತಿ ಬಿಚ್ಚಬಾರದು, ಎಲ್ಲವನ್ನೂ ಅರ್ಧರ್ಧ ಸುತ್ತು ಸಡಿಲಿಸುತ್ತ ಬನ್ನಿ. ಕೆಲವು ಎಂಜಿನ್ನುಗಳಲ್ಲಿ ಶಾಫ್ಟ್ ಮೇಲಕ್ಕೆ ಎದ್ದು ಬರುತ್ತದೆ. ಕೆಲವುಗಳಲ್ಲಿ ಹೆಡ್ಡಿನ ಪಕ್ಕದಿಂದ ಎಳೆಯಬೇಕು. ಎಳೆಯುವ ಕಡೆ ಜಾಗ ಇದೆಯಾ ಅಂತ ಮೊದಲೇ ನೋಡಿಕೊಳ್ಳಿ. ಇಲ್ಲದಿದ್ದರೆ ಹೆಡ್ ಇಳಿಸದೆ ಗತಿಯಿಲ್ಲ. ಅಂಬಾಸಿಡರಿನ ಹಳೆಯ 1489 ಸಿಸಿ ಎಂಜಿನ್ನಿನದು ಇನ್ನೊಂದು ತಕರಾರು. ಅದರಲ್ಲಿ ರಾಕರ್ ಹಿಡಿದಿರುವ ಕೆಲವು ನಟ್ಟುಗಳೇ ಹೆಡ್ಡನ್ನೂ ಹಿಡಿದಿರುತ್ತವೆ. ರೇಡಿಯೇಟರ್ ನೀರು ಇಳಿಸಿ, ಹೆಡ್ ನಟ್ಟುಗಳನ್ನೆಲ್ಲ ಕ್ರಮವಾಗಿ ಸಡಿಲಿಸಿ, ಕೊನೆಗೆ ಮತ್ತೆ ಟಾರ್ಕ್ ಮಾಡಬೇಕು. ಅಷ್ಟಾದ ಮೇಲೆ ಹೆಡ್ಡನ್ನೇ ಇಳಿಸಿ ವಾಲ್ವ್ ಗ್ರೈಂಡಿಂಗ್ ಕೂಡ ಮಾಡಿಸುವುದು ಜಾಣತನ ಅಂತ ನನ್ನ ಅಭಿಪ್ರಾಯ.

ರಾಕರುಗಳನ್ನು ಬಂದ ಕ್ರಮದಲ್ಲೇ ಒಂದು ತಂತಿಗೆ ಪೋಣಿಸಿಡಿ. ಒಂದೊಂದೂ ತನ್ನ ಜಾಗಕ್ಕೆ ತಕ್ಕ ಹಾಗೆ ಸವೆದಿರುತ್ತದೆ, ಅದಲುಬದಲಾದರೆ ಟಕಟಕ ಸದ್ದು ಶುರುವಾಗುತ್ತದೆ.

ಹಗ್ಗದ ಉಪಾಯ

ಸ್ಪ್ರಿಂಗ್ ತೆಗೆದರೆ ವಾಲ್ವ್ ಒಳಗೆ ಬೀಳುವುದಿಲ್ಲವಾ? ಬೀಳುತ್ತದೆ. ಅದಕ್ಕೇ ಅಡಿಯಿಂದ ಆಧಾರ ಕೊಡಬೇಕು. ಪ್ಲಗ್ ತೂತಿನಿಂದ ಏರ್ ಕಂಪ್ರೆಸರ್ ಗಾಳಿ ತುಂಬಿ ಹಿಡಿಯುವವರಿದ್ದಾರೆ. ಆದರೆ ಅದಕ್ಕೆ ತಕ್ಕ ನಿಪ್ಪಲ್ ಬೇಕು, ಗಾಳಿಯ ಒತ್ತಡಕ್ಕೆ ಕ್ರ್ಯಾಂಕ್ ತಿರುಗಬಹುದು, ನಡುವೆ ಕರೆಂಟ್ ಹೋದರೆ ಕೈ ತಲೆ ಮೇಲೆ. ಹಗ್ಗಕ್ಕೆ ಕರೆಂಟ್ ಬೇಡ.

ಗಾಡಿ ನ್ಯೂಟ್ರಲ್‌ನಲ್ಲಿರಲಿ, ಚಕ್ರಗಳಿಗೆ ಕಲ್ಲು ಕೊಡಿ. ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಪಾನಾ ಹಾಕಿ, ಎಂಜಿನ್ ತಿರುಗುವ ದಿಕ್ಕಿನಲ್ಲೇ ಕೈಯಿಂದ ತಿರುಗಿಸಿ. ಪ್ಲಗ್ ಇಲ್ಲದ ಕಾರಣ ಹಗುರವಾಗಿ ತಿರುಗುತ್ತದೆ. ಒಂದನೇ ಸಿಲಿಂಡರಿನ ಪಿಸ್ಟನ್ ಅರ್ಧ ದಾರಿ ಮೇಲೆ ಬಂದಾಗ ನಿಲ್ಲಿಸಿ ಹಗ್ಗ ಇಳಿಸಿ. ತುದಿಗೆ ಗಂಟು ಹಾಕಿ ಹೊರಗೇ ಬಿಟ್ಟಿರಿ. ಈಗ ಮೆಲ್ಲಗೆ ಮತ್ತೆ ತಿರುಗಿಸಿದರೆ ಹಗ್ಗ ಮುದುಡಿ ವಾಲ್ವುಗಳ ಅಡಿಗೆ ಒತ್ತಿಕೊಂಡು, ಪಾನಾ ಬಿಗಿಯಾಗಿ ನಿಲ್ಲುತ್ತದೆ. ಅಲ್ಲಿಗೆ ಸಾಕು, ಜೋರು ಮಾಡಬೇಡಿ. ಸೆಲ್ಫ್ ಹೊಡೆಯುವುದಂತೂ ಬೇಡವೇ ಬೇಡ. ರಾಕರ್ ತೆಗೆದಿರುವುದರಿಂದ ಎಲ್ಲ ವಾಲ್ವೂ ಮುಚ್ಚಿರುತ್ತವೆ. ಹಾಗಾಗಿ ಯಾವ ಸ್ಟ್ರೋಕ್ ಅಂತ ತಲೆ ಕೆಡಿಸಿಕೊಳ್ಳಬೇಕಿಲ್ಲ. ಟೈಮಿಂಗ್ ಬೆಲ್ಟ್ ಮುಟ್ಟುವ ಅಗತ್ಯವೂ ಇಲ್ಲ.

ಲಾಕ್, ಸ್ಪ್ರಿಂಗ್, ಸೀಲ್

ವರ್ಷಗಟ್ಟಲೆ ಕೂತ ಲಾಕುಗಳು ಸ್ಪ್ರಿಂಗಿನ ಮೇಲಿನ ಬಟ್ಟಲಿಗೆ ಅಂಟಿಕೊಂಡಿರುತ್ತವೆ. ಕಂಪ್ರೆಸರ್ ಹಾಕುವ ಮೊದಲು ಬಟ್ಟಲಿನ ಮೇಲೆ ಒಂದು ಸಾಕೆಟ್ ಇಟ್ಟು ಸುತ್ತಿಗೆಯಿಂದ ಹಗುರವಾಗಿ ಒಂದು ಏಟು ಕೊಡಿ. 'ಟಿಕ್' ಅಂತ ಸಡಿಲವಾಗುತ್ತದೆ. ಆಮೇಲೆ ಸ್ಪ್ರಿಂಗ್ ಒತ್ತಿ, ಅರ್ಧಚಂದ್ರದಂಥ ಎರಡು ಲಾಕನ್ನೂ ಮ್ಯಾಗ್ನೆಟ್‌ನಿಂದ ಎತ್ತಿಕೊಳ್ಳಿ. ಮುಖವನ್ನು ಸ್ಪ್ರಿಂಗಿನ ಮೇಲೆ ನೇರವಾಗಿ ಬಾಗಿಸಬೇಡಿ, ಸ್ಪ್ರಿಂಗ್ ಜಾರಿದರೆ ಕಣ್ಣಿಗೇ ಅಪಾಯ. ಕನ್ನಡಕ ಹಾಕಿಕೊಳ್ಳಿ.

ಹಳೆಯ ಸೀಲನ್ನು ಇಕ್ಕಳದಲ್ಲಿ ಹಿಡಿದು ತಿರುಚುತ್ತ ಮೇಲಕ್ಕೆ ಎಳೆಯಿರಿ. ಕೈಗೆ ಬಂದದ್ದನ್ನು ಬೆರಳ ನಡುವೆ ಒತ್ತಿ ನೋಡಿ. ಮೆತ್ತಗೆ ಬಾಗಬೇಕಾದ ರಬ್ಬರ್ ಪ್ಲಾಸ್ಟಿಕ್ ಥರ ಚಟ್ ಅಂತ ಮುರಿದರೆ ನಿಮ್ಮ ಅನುಮಾನ ಸರಿ. ಸ್ಪ್ರಿಂಗಿನ ಅಡಿಯಲ್ಲಿ ತೆಳ್ಳಗಿನ ವಾಷರ್ ಇರುತ್ತದೆ, ಅದು ಸೀಲಿನ ಜೊತೆ ಎದ್ದು ಬಂದರೆ ವಾಪಸ್ ಇಡಲು ಮರೆಯಬೇಡಿ.

ಇಲ್ಲೊಂದು ನಿಮಿಷ ನಿಂತು ಗೈಡ್ ಪರೀಕ್ಷೆ ಮಾಡಿ. ಕ್ರ್ಯಾಂಕನ್ನು ಕೂದಲೆಳೆಯಷ್ಟು ಹಿಂದಕ್ಕೆ ತಿರುಗಿಸಿ ಹಗ್ಗ ಸಡಿಲಿಸಿ, ವಾಲ್ವಿನ ಕಡ್ಡಿಯನ್ನು ಬೆರಳಲ್ಲಿ ಹಿಡಿದು ಅಡ್ಡಕ್ಕೆ ಅಲ್ಲಾಡಿಸಿ. ಕಣ್ಣಿಗೆ ಕಾಣುವಷ್ಟು ಲೊಡಲೊಡ ಆಡಿದರೆ ಗೈಡೇ ಸವೆದಿದೆ. ಅಂಥ ಕಡೆ ಹೊಸ ಸೀಲ್ ಹಾಕಿದರೂ ಬೇಗ ಹರಿಯುತ್ತದೆ. ಆಮೇಲೆ ಹಗ್ಗವನ್ನು ಮತ್ತೆ ಬಿಗಿ ಮಾಡಿಕೊಳ್ಳಿ.

ಹೊಸ ಸೀಲ್ ಕೂರಿಸುವಾಗ ಅವಸರ ಬೇಡ. ಕಡ್ಡಿಯ ತುದಿಯಲ್ಲಿ ಲಾಕ್ ಕೂರುವ ಗೆರೆಯ ಅಂಚು ಬ್ಲೇಡಿನಷ್ಟು ಚೂಪು. ಸೀಲನ್ನು ಹಾಗೇ ಇಳಿಸಿದರೆ ತುಟಿ ಅಲ್ಲೇ ಹರಿದು, ಮಾಡಿದ ಕೆಲಸವೆಲ್ಲ ನೀರಲ್ಲಿ ಹೋಮ. ಕೆಲವು ಸೆಟ್ಟುಗಳಲ್ಲಿ ಸಣ್ಣ ಪ್ಲಾಸ್ಟಿಕ್ ಕೊಳವೆ ಬರುತ್ತದೆ. ಇಲ್ಲದಿದ್ದರೆ ಎಳನೀರಿನ ಸ್ಟ್ರಾ ತುಂಡನ್ನೋ ತೆಳ್ಳಗಿನ ಟೇಪನ್ನೋ ತುದಿಗೆ ಸುತ್ತಿ, ಮೇಲೆ ಎಂಜಿನ್ ಆಯಿಲ್ ಸವರಿ ಇಳಿಸಿ. ಗೈಡಿನ ತಲೆ ಮುಟ್ಟಿದ ಮೇಲೆ, ಸೀಲಿನ ಹೊರ ಅಂಚಿಗೆ ಮಾತ್ರ ತಾಗುವ ಉದ್ದ ಸಾಕೆಟ್ ಇಟ್ಟು ಅಂಗೈಯಿಂದ ಒತ್ತಿ. ಕೂತಾಗ ಕೈಗೆ ಗೊತ್ತಾಗುತ್ತದೆ. ಸುತ್ತಿಗೆ ಬಳಸಬೇಡಿ. ಇನ್‌ಲೆಟ್ ಮತ್ತು ಎಕ್ಸಾಸ್ಟ್ ಸೀಲುಗಳ ಬಣ್ಣ ಬೇರೆ ಬೇರೆ ಇದ್ದರೆ ಬೆರಸಬೇಡಿ.

ಸ್ಪ್ರಿಂಗಿನ ಸುತ್ತುಗಳು ಒಂದು ಕಡೆ ಒತ್ತಾಗಿ, ಇನ್ನೊಂದು ಕಡೆ ಬಿಡಿಬಿಡಿಯಾಗಿ ಇದ್ದರೆ ಒತ್ತಾದ ಕಡೆ ಕೆಳಗೆ, ಹೆಡ್ಡಿನ ಕಡೆ ಬರಬೇಕು. ಲಾಕುಗಳಿಗೆ ಚೂರು ಗ್ರೀಸ್ ಹಚ್ಚಿ ಕೂರಿಸಿದರೆ ಅಂಟಿಕೊಂಡು ನಿಲ್ಲುತ್ತವೆ. ಕಂಪ್ರೆಸರ್ ಬಿಟ್ಟ ಮೇಲೆ ಕಡ್ಡಿಯ ತಲೆಗೆ ಪ್ಲಾಸ್ಟಿಕ್ ಸುತ್ತಿಗೆಯಿಂದ ಒಂದು ಹಗುರ ಏಟು. ಲಾಕ್ ಸರಿಯಾಗಿ ಕೂರದಿದ್ದರೆ ಈಗಲೇ ಹಾರಲಿ, ಹೆದ್ದಾರಿಯಲ್ಲಿ ಬೇಡ.

ಪಿಸ್ಟನ್ ಕೆಳಗಿಳಿಸಿ ಹಗ್ಗ ಎಳೆದು, ಮುಂದಿನ ಸಿಲಿಂಡರಿಗೆ ಹೋಗಿ. ಮೊದಲ ಸಲ ಮಾಡುವವರು ಇಡೀ ಭಾನುವಾರ ಇದಕ್ಕೇ ಇಟ್ಟುಕೊಳ್ಳಿ.

ಮುಚ್ಚಿದ ಮೇಲೆ

ತುರುಕಿದ ಬಟ್ಟೆಗಳನ್ನು ಎಣಿಸಿ ತೆಗೆಯಿರಿ. ರಾಕರ್ ಶಾಫ್ಟ್ ಬೋಲ್ಟುಗಳನ್ನು ಮ್ಯಾನುಯಲ್ ಹೇಳಿದ ಟಾರ್ಕಿಗೆ ಬಿಗಿದು, ಅದರಲ್ಲಿರುವ ಅಳತೆಗೇ ಟ್ಯಾಪೆಟ್ ಸೆಟ್ ಮಾಡಿ. ಹೊಸ ಪ್ಯಾಕಿಂಗ್ ಹಾಕಿ ಕವರ್ ಮುಚ್ಚಿ. ಹೇಗೂ ಇಷ್ಟು ಮಾಡಿದ್ದೀರಿ, ಆಯಿಲ್ ಮತ್ತು ಫಿಲ್ಟರನ್ನೂ ಬದಲಿಸಿ. ಈ ವಯಸ್ಸಿನ ಪೆಟ್ರೋಲ್ ಎಂಜಿನ್ನಿಗೆ ನಮ್ಮ ಸೆಖೆಯಲ್ಲಿ 20ಡಬ್ಲ್ಯು-40 ಅಥವಾ 20ಡಬ್ಲ್ಯು-50 ಸರಿಹೋಗುತ್ತದೆ. ಸೀಲನ್ನು ಉಬ್ಬಿಸಿ ಹೊಗೆ ನಿಲ್ಲಿಸುತ್ತೇವೆ ಅನ್ನುವ ಬಾಟಲಿಗಳನ್ನು ನಾನು ನಂಬುವುದಿಲ್ಲ. ಗಟ್ಟಿಯಾಗಿ ಸೀಳಿದ ರಬ್ಬರಿಗೆ ಅದರಿಂದ ಜೀವ ಬರುವುದಿಲ್ಲ.

ಸ್ಟಾರ್ಟ್ ಮಾಡಿದ ಕೂಡಲೇ ಮತ್ತೆ ಹೊಗೆ ಬಂದರೆ ಎದೆಗುಂದಬೇಡಿ. ಸೈಲೆನ್ಸರಿನಲ್ಲಿ ಕೂತ ಹಳೆಯ ಆಯಿಲ್ ಸುಟ್ಟು ಹೋಗಬೇಕು. ಜೇವರ್ಗಿ ಕಡೆ ಭೀಮಾ ಸೇತುವೆ ತನಕ ಒಮ್ಮೆ ಹೋಗಿ ಬನ್ನಿ. ಮಾರನೇ ದಿನ ಬೆಳಗಿನ ಮೊದಲ ಸ್ಟಾರ್ಟೇ ನಿಜವಾದ ಪರೀಕ್ಷೆ. 15 ವರ್ಷ ದಾಟಿದ ಗಾಡಿಯ ಆರ್‌ಸಿ ರಿನ್ಯೂ ಮಾಡಿಸಲು ಹೊರಟವರು ಆರ್‌ಟಿಒ ಕಚೇರಿಗೆ ಹೋಗುವ ಕೆಲವು ದಿನ ಮುಂಚೆಯೇ ಈ ಕೆಲಸ ಮುಗಿಸಿಕೊಳ್ಳಿ.

ಡಿಪ್‌ಸ್ಟಿಕ್ ಮಟ್ಟವನ್ನು ಕಿಲೋಮೀಟರ್ ಸಮೇತ ಬರೆದಿಟ್ಟು, 500 ಕಿಲೋಮೀಟರಿಗೊಮ್ಮೆ ಸಮತಟ್ಟಾದ ಜಾಗದಲ್ಲಿ ನೋಡಿ. ಮಟ್ಟ ಇಳಿಯುತ್ತಿದ್ದು ಹೊಗೆ ಇಲ್ಲದಿದ್ದರೆ ಆಯಿಲ್ ಹೊರಗೆಲ್ಲೋ ಸೋರುತ್ತಿರಬಹುದು, ಗಾಡಿ ನಿಂತ ಫರಸಿ ಕಲ್ಲಿನ ಮೇಲೆ ಕಲೆ ಹುಡುಕಿ. ಬೆಳಗಿನ ಹೊಗೆ ಮತ್ತೆ ಶುರುವಾದರೆ ಗೈಡ್ ಬದಲಿಸಬೇಕು. ಆಗ ಹೆಡ್ ಇಳಿಸಿ ಲೇತಿಗೆ ಕೊಡಿ. ಬೋರ್ ಮಾತ್ರ ಆಗಲೂ ಬೇಡ.