ಹೂಗ್ಲಿಯ ಕದಡಿದ ನೀರಿನಲ್ಲಿ ಶಾರ್ಕ್ ಲೆಕ್ಕ: ನನ್ನ ಅನುಭವ

ಗಂಗೆಯಲ್ಲಿ ಶಾರ್ಕ್ ಇದೆ ಎಂದರೆ ನಮ್ಮ ಕಡೆ ಈಗಲೂ ನಗುತ್ತಾರೆ. ಮಲ್ಪೆ ಬಂದರಿನಲ್ಲಿ ಶಾರ್ಕ್ ನೋಡುತ್ತಲೇ ಬೆಳೆದ ನನ್ನ ಬಂಧುಗಳಿಗೂ ಅದು ಕಡಲಿನದು, ಹೊಳೆಯದಲ್ಲ. ಗಂಗೆಯ ಕವಲಾದ ಹೂಗ್ಲಿ ಕಡಲು ಸೇರುವ ಪಶ್ಚಿಮ ಬಂಗಾಳದ ಡೈಮಂಡ್ ಹಾರ್ಬರ್, ಕಾಕ್‌ದ್ವೀಪ, ನಾಮಖಾನಾ ಕಡೆಯ ಮೀನುಗಾರರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಸುಂದರಬನದಲ್ಲಿ ಸೀಗಡಿ ಮರಿಗಾಗಿ ಸೊಂಟದವರೆಗಿನ ನೀರಿನಲ್ಲಿ ಬಲೆ ಎಳೆಯುವ ಹೆಂಗಸರು ಮೊಸಳೆಗೆ ಹೆದರುವಷ್ಟೇ ಕಾಮಟ್‌ಗೂ ಹೆದರುತ್ತಾರೆ. ಕಾಮಟ್ ಎಂದರೆ ಅಲ್ಲಿನ ಹೊಳೆಗಳಿಗೆ ಬರುವ ಶಾರ್ಕ್. ಅದು ಯಾವ ಜಾತಿಯದು ಎಂದು ತಿಳಿಯುವುದೇ ನನ್ನ ಕೆಲಸ.

ತಿಳಿಯುವುದು ಸುಲಭವಲ್ಲ. ಗಂಗಾ ಶಾರ್ಕ್ ಎಂಬ ಜಾತಿಗೆ ಮುಲ್ಲರ್ ಮತ್ತು ಹೆನ್ಲೆ 1839ರಲ್ಲೇ ಹೆಸರಿಟ್ಟರು. ಅಂದಿನಿಂದ ಇಂದಿನವರೆಗೆ ವಿಜ್ಞಾನದ ಕೈಗೆ ಸಿಕ್ಕಿರುವ ಮಾದರಿಗಳು ತೀರಾ ಕಡಿಮೆ. 2016ರ ಫೆಬ್ರುವರಿಯಲ್ಲಿ ಮುಂಬಯಿಯ ಸಸೂನ್ ಡಾಕ್‌ನಲ್ಲಿ 266 ಸೆಂಟಿಮೀಟರ್ ಉದ್ದದ ಹೆಣ್ಣೊಂದು ಕಂಡಾಗ ಅದೇ ದೊಡ್ಡ ಸುದ್ದಿಯಾಗಿತ್ತು. ಅದು ಸಿಕ್ಕಿದ್ದು ಮೀನುಗಾರಿಕೆಯಲ್ಲಿ, ಕಣ್ಣಿಗೆ ಬಿದ್ದದ್ದು ಮೀನು ಇಳಿಸುವ ಕಟ್ಟೆಯಲ್ಲಿ. ಸಂಶೋಧನಾ ಹಡಗು ಕಟ್ಟಿಕೊಂಡು ಹುಡುಕಲು ಹೊರಟಿದ್ದರೆ ಅದು ಸಿಗುತ್ತಿರಲಿಲ್ಲ ಎಂಬುದು ನನ್ನ ಗಟ್ಟಿಯಾದ ಅನಿಸಿಕೆ.

ಹೊಳೆಗೆ ಬರುವ ಇನ್ನೊಂದು ಜಾತಿ ಬುಲ್ ಶಾರ್ಕ್. ಶಾರ್ಕ್‌ಗಳ ರಕ್ತದಲ್ಲಿ ಯೂರಿಯಾ ಹೆಚ್ಚು. ಕಡಲಿನ ಉಪ್ಪಿಗೆ ಸರಿದೂಗಲು ಅದು ಬೇಕು. ಸಿಹಿನೀರಿಗೆ ಬಂದಾಗ ಬುಲ್ ಶಾರ್ಕ್ ಆ ಯೂರಿಯಾವನ್ನು ತಗ್ಗಿಸಿಕೊಂಡು, ಒಳನುಗ್ಗುವ ನೀರನ್ನು ತೆಳುವಾದ ಮೂತ್ರವಾಗಿ ಹೇರಳವಾಗಿ ಹೊರಹಾಕುತ್ತದೆ. ಅಮೆರಿಕದ ಮಿಸಿಸಿಪ್ಪಿ ನದಿಯಲ್ಲಿ ಇಲಿನಾಯ್ ರಾಜ್ಯದವರೆಗೂ ಅದು ಹೋಗಿದೆ. ಗಂಗಾ ಶಾರ್ಕಿನ ತಲೆಗೆ ಕಟ್ಟಿದ ಎಷ್ಟೋ ಕಡಿತಗಳು ಬಹುಶಃ ಇದರದ್ದೇ.

ಹೀಗಿರುವಾಗ ಮೀನುಗಾರರ ಬಳಿಗೆ ಹೋಗಿ "ಗಂಗಾ ಶಾರ್ಕ್ ನೋಡಿದ್ದೀರಾ, ದಾದಾ?" ಎಂದು ಕೇಳಿದರೆ ಬರುವ ಉತ್ತರ ಒಂದೇ: ಇಲ್ಲ. 2001ರಿಂದ ಈ ಮೀನು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ. ಬಲೆಗೆ ತಾನಾಗಿ ಬಿದ್ದರೂ ಕೇಸು ಬಿದ್ದೀತೆಂಬ ಭಯ. ಕಾಯ್ದೆ ಬೇಕೇ ಬೇಕು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಅದು ಮೀನಿನ ಜೊತೆಗೆ ಮೀನಿನ ಸುದ್ದಿಯನ್ನೂ ನೀರಿನೊಳಕ್ಕೆ ಒತ್ತಿಬಿಟ್ಟಿದೆ.

ಆದ್ದರಿಂದ ನಾನು ಮಾತು ತೆಗೆಯುವುದು ಬಲೆಯಿಂದ. ಇಲಿಶ್ ಮೀನಿನ ಬಲೆಯ ಕಣ್ಣು ಎಷ್ಟು ಬೆರಳು? ಚೀಲದಂಥ ಬೆಹುಂದಿ ಜಾಲ ಕಟ್ಟುವುದು ಭರತದಲ್ಲೋ ಇಳಿತದಲ್ಲೋ? ಬಲೆ ಹರಿದದ್ದು ಯಾವಾಗ, ಹರಿದ ತೂತು ಎಷ್ಟು ದೊಡ್ಡದು? ತೂತಿನ ಮಾತು ಬಂದರೆ ಶಾರ್ಕ್ ತಾನಾಗಿಯೇ ಬರುತ್ತದೆ. ತಾರೀಖು ಯಾರಿಗೂ ನೆನಪಿರುವುದಿಲ್ಲ; ಬಿರುಗಾಳಿ ನೆನಪಿರುತ್ತದೆ. 2009ರ ಐಲಾಗೆ ಮೊದಲೋ ಆಮೇಲೋ, 2020ರ ಆಂಫಾನ್‌ಗೆ ಮೊದಲೋ ಎಂದು ಕೇಳಿದರೆ ವರ್ಷ ಹತ್ತಿರಕ್ಕೆ ಬರುತ್ತದೆ. ವಿಶ್ವಕರ್ಮ ಪೂಜೆಯ ಹಿಂದೆಯೋ ಮುಂದೆಯೋ ಎಂದರೆ ತಿಂಗಳು ಸಿಗುತ್ತದೆ. ಅಮಾವಾಸ್ಯೆ ಹುಣ್ಣಿಮೆಯನ್ನಂತೂ ಕೇಳಬೇಕಾಗಿಯೇ ಇಲ್ಲ, ಅವರೇ ಹೇಳುತ್ತಾರೆ. ನೀರಿನ ಸೆಳೆತ ನಿಂತಿರುವುದೇ ಅದರ ಮೇಲೆ. ನೀರು ಉಪ್ಪೋ ಸಿಹಿಯೋ ಎಂಬುದನ್ನೂ ಬಾಯಲ್ಲಿಟ್ಟು ನೋಡಿದವರ ಖಚಿತತೆಯಲ್ಲಿ ಹೇಳುತ್ತಾರೆ.

ನೆನಪು ಒಂದು ಬಗೆಯ ದಾಖಲೆ, ಫೋಟೊ ಇನ್ನೊಂದು. ಮೊಬೈಲ್ ಈಗ ಪ್ರತಿ ದೋಣಿಯಲ್ಲೂ ಇದೆ, ಆದರೆ ಬರುತ್ತಿದ್ದದ್ದು ಮೀನನ್ನು ಎತ್ತಿ ಹಿಡಿದು ನಗುವ ಮುಖದ ಚಿತ್ರ. ಮುಖ ಚೆನ್ನಾಗಿರುತ್ತಿತ್ತು, ಮೀನಿನ ಬಾಲ ಚೌಕಟ್ಟಿನ ಆಚೆಗಿರುತ್ತಿತ್ತು. ನನಗೆ ಬೇಕಾದದ್ದು ಬೇರೆ. ಮೀನು ಮಗ್ಗುಲಾಗಿ ಮಲಗಿರಬೇಕು, ಬೆನ್ನಿನ ಎರಡೂ ರೆಕ್ಕೆಗಳು ಕಾಣಬೇಕು. ಗಂಗಾ ಶಾರ್ಕಿನ ಎರಡನೆಯ ರೆಕ್ಕೆ ಮೊದಲನೆಯದರ ಸುಮಾರು ಅರ್ಧದಷ್ಟು ಎತ್ತರವಿರುತ್ತದೆ. ಬುಲ್ ಶಾರ್ಕಿನದು ಸುಮಾರು ಮೂರನೆಯ ಒಂದು ಭಾಗ. ಬಾಲದ ಬುಡವನ್ನು ಮೇಲಿನಿಂದ ತೆಗೆಯಬೇಕು, ಏಕೆಂದರೆ ಅಲ್ಲೊಂದು ಗುಳಿ ಇದೆ: ಗಂಗಾ ಶಾರ್ಕಿನಲ್ಲಿ ಉದ್ದಕ್ಕೆ, ಬುಲ್ ಶಾರ್ಕಿನಲ್ಲಿ ಅರ್ಧಚಂದ್ರಾಕಾರವಾಗಿ ಅಡ್ಡಕ್ಕೆ. ಮೂತಿಯ ಅಡಿಭಾಗ ಮತ್ತು ಹಲ್ಲು ಸಿಕ್ಕರೆ ಇನ್ನೂ ಒಳ್ಳೆಯದು. ಅಳತೆಗೆ ಟೇಪು ಹಂಚಿ ನೋಡಿದೆವು. ಅವು ಮನೆಯ ಹೊಲಿಗೆ ಯಂತ್ರದ ಬಳಿ ಸೇರಿದವು. ಆಮೇಲೆ ಒಬ್ಬ ಹಿರಿಯ ಮಾಝಿಯೇ, ಅಂದರೆ ದೋಣಿ ನಡೆಸುವವರೇ, ದಾರಿ ತೋರಿಸಿದರು: ಮೀನಿನ ಪಕ್ಕ ದೋಣಿಯ ಹುಟ್ಟನ್ನು ಇಟ್ಟು ಫೋಟೊ ತೆಗೆಯುವುದು, ಹುಟ್ಟನ್ನು ದಡದಲ್ಲಿ ಬಿಡುವಾಗಿ ಅಳೆಯುವುದು. ಈಗ ಎಲ್ಲರೂ ಮಾಡುವುದು ಹಾಗೆಯೇ. ಮೀನು ಜೀವಂತವಿದ್ದರೆ ಈ ಶಾಸ್ತ್ರವೆಲ್ಲ ಬೇಡ, ಒಂದೇ ಫೋಟೊ ತೆಗೆದು ಬಲೆ ಕೊಯ್ದು ಬಿಡಬೇಕು.

ದುಡ್ಡಿನ ವಿಷಯದಲ್ಲಿ ನಾನು ಕಟ್ಟುನಿಟ್ಟು. ಶಾರ್ಕಿಗೆ ಇಷ್ಟು ಎಂದು ಬೆಲೆ ಕಟ್ಟಿದ ದಿನವೇ ಅದಕ್ಕಾಗಿ ಬಲೆ ಬೀಳುತ್ತದೆ. ನಮ್ಮ ಜೊತೆ ಸೇರಿದವರಿಗೆಲ್ಲ ಮೊಬೈಲ್ ರೀಚಾರ್ಜ್ ಮಾಡಿಸುತ್ತೇವೆ, ಶಾರ್ಕ್ ಸಿಕ್ಕರೂ ಸಿಗದಿದ್ದರೂ. ಸಿಗದ ದಿನವನ್ನೂ ಬರೆಸುತ್ತೇವೆ: ಯಾವ ಬಲೆ, ಎಷ್ಟು ಹೊತ್ತು, ಶಾರ್ಕ್ ಇಲ್ಲ. "ಏನೂ ಇಲ್ಲದ್ದನ್ನು ಏಕೆ ಬರೆಯುವುದು?" ಎಂದು ಮೊದಮೊದಲು ಗೊಣಗುತ್ತಿದ್ದರು. ಹುಡುಕಿದರೂ ಶಾರ್ಕ್ ಸಿಗದ ಜಾಗ ಯಾವುದು, ಹುಡುಕಿಯೇ ಇಲ್ಲದ ಜಾಗ ಯಾವುದು ಎಂಬ ಎರಡನ್ನು ಬೇರೆ ಮಾಡಲು ನನಗೆ ಬೇರೆ ದಾರಿಯಿಲ್ಲ.

ಬಂದ ಚಿತ್ರಗಳಲ್ಲಿ ಹೆಚ್ಚಿನವು ಮೂತಿ ಚಪ್ಪಟೆಯಾದ ಸಣ್ಣ ಸ್ಪೇಡ್‌ನೋಸ್ ಶಾರ್ಕ್, ಕೆಲವು ಬುಲ್ ಶಾರ್ಕಿನ ಮರಿಗಳು. ಗಂಗಾ ಶಾರ್ಕ್ ಎಂದು ಎದೆ ತಟ್ಟಿ ಹೇಳಬಹುದಾದದ್ದು ಒಂದೂ ಇಲ್ಲ. ನಮ್ಮ ಭೇಟಿಗಳಲ್ಲಿ ಆಸೆ ಹುಟ್ಟಿಸುವುದು ಹಳೆಯ ಮನೆಗಳಲ್ಲಿ ತೂಗುಹಾಕಿರುವ ದವಡೆಗಳು. ಪಪುವಾ ನ್ಯೂಗಿನಿಯ ದಾರು ಪ್ರದೇಶದಲ್ಲಿ ಗಂಗಾ ಶಾರ್ಕಿನ ಬಂಧುಗಳಾದ ಎರಡು ನದಿ ಶಾರ್ಕ್‌ಗಳು ಹಲವು ದಶಕಗಳ ನಂತರ 2014ರಲ್ಲಿ ಮತ್ತೆ ದಾಖಲಾದದ್ದೂ ಮೀನುಗಾರರು ಹಿಡಿದು ತಂದದ್ದರಿಂದಲೇ. ದವಡೆ ಕಂಡಾಗ ನಾನು ಅದನ್ನು ಕೇಳುವುದಿಲ್ಲ, ಕೊಳ್ಳುವುದೂ ಇಲ್ಲ. ರಕ್ಷಿತ ಜಾತಿಯ ದವಡೆಯನ್ನು ಅನುಮತಿ ಇಲ್ಲದೆ ಸಾಗಿಸುವಂತಿಲ್ಲ. ಹಲ್ಲುಗಳ ಚಿತ್ರ ಅಳತೆಪಟ್ಟಿಯೊಂದಿಗೆ ತೆಗೆದು, ಊರಿನ ಹೆಸರು ಬರೆಯದೆ, ನದಿಯ ಹೆಸರಷ್ಟನ್ನೇ ಬರೆದುಕೊಳ್ಳುತ್ತೇನೆ. ಪೂರ್ವ ಕರಾವಳಿಯ ಮೀನುಗಾರಿಕೆ ನಿಷೇಧ ಜೂನ್ 14ಕ್ಕೆ ಮುಗಿಯುತ್ತದೆ. ಅದಕ್ಕೆ ಮುಂಚೆ ದೋಣಿಗಳೆಲ್ಲ ದಡದಲ್ಲಿ ದುರಸ್ತಿಗೆ ನಿಂತಿರುವಾಗ ಮನೆ ಮನೆ ತಿರುಗಿ ಇನ್ನಷ್ಟು ದವಡೆ ನೋಡುವುದು ಈ ಬಾರಿಯ ಯೋಜನೆ.