ಹೃದಯ ಶಸ್ತ್ರಚಿಕಿತ್ಸೆಯ ಸಂಶೋಧನೆಗಳನ್ನು ರೋಗಿಯ ಕಡೆಯವರು ಓದುವ ಬಗೆ

ಹೃದಯದ ಹೊಸ ಚಿಕಿತ್ಸೆಯೊಂದು ಹಳೆಯದಕ್ಕಿಂತ ಮೇಲು ಎಂಬ ವರದಿ ಕಣ್ಣಿಗೆ ಬಿದ್ದಾಗ, ಶೇಕಡಾವಾರು ಲೆಕ್ಕಕ್ಕೂ ಮೊದಲು ರೋಗಿಗಳನ್ನು ಎಷ್ಟು ವರ್ಷ ಗಮನಿಸಲಾಗಿದೆ ಎಂಬುದನ್ನು ಹುಡುಕಿ.

ಮಹಾಪಧಮನಿಯ ಕವಾಟ ತೀವ್ರವಾಗಿ ಕಿರಿದಾಗಿದ್ದರೂ ಶಸ್ತ್ರಚಿಕಿತ್ಸೆಯ ಅಪಾಯ ಕಡಿಮೆಯಿದ್ದ ರೋಗಿಗಳನ್ನು ಆರಿಸಿಕೊಂಡ ‘ಪಾರ್ಟ್‌ನರ್ 3’ ಅಧ್ಯಯನವನ್ನೇ ನೋಡೋಣ. ತೊಡೆಯ ರಕ್ತನಾಳದಿಂದ ಕ್ಯಾತಿಟರ್ ಎಂಬ ತೆಳು ಕೊಳವೆ ತೂರಿಸಿ ಕವಾಟ ಕೂರಿಸಿದವರಲ್ಲಿ ಮರಣ, ಪಾರ್ಶ್ವವಾಯು ಅಥವಾ ಮರಳಿ ಆಸ್ಪತ್ರೆ ಸೇರುವಿಕೆ ಒಂದು ವರ್ಷದೊಳಗೆ ಶೇ 8.5ರಷ್ಟಿದ್ದರೆ, ಎದೆ ತೆರೆದು ಶಸ್ತ್ರಚಿಕಿತ್ಸೆ ಮಾಡಿದವರಲ್ಲಿ ಅದು ಶೇ 15.1 ಇತ್ತು ಎಂದು 2019ರಲ್ಲಿ ಪ್ರಕಟವಾಯಿತು. ಐದು ವರ್ಷಗಳ ಹೊತ್ತಿಗೆ ಈ ಅಂಕಿಗಳು ಕ್ರಮವಾಗಿ 22.8 ಮತ್ತು 27.2ಕ್ಕೆ ಬಂದು ನಿಂತವು. ಆ ಅಂತರ ಸಂಖ್ಯಾಶಾಸ್ತ್ರದ ಪ್ರಕಾರ ಖಚಿತವೆನ್ನುವಷ್ಟು ಇರಲಿಲ್ಲ. ಇದರಿಂದ ಹೊಸ ವಿಧಾನ ಸೋತಿತೆಂದು ತಿಳಿಯಬಾರದು. ಬೇಗ ಚೇತರಿಸಿಕೊಳ್ಳುವುದು ಸಣ್ಣ ಲಾಭವಲ್ಲ, ವಯಸ್ಸಾದವರಿಗಂತೂ ಅದೇ ಮುಖ್ಯವಾಗಬಹುದು. ಆದರೆ ಇನ್ನೂ ಹಲವು ದಶಕ ಬದುಕಬೇಕಾದವರು ಆ ಕವಾಟ ಎಷ್ಟು ಕಾಲ ಬಾಳುತ್ತದೆ, ಅದು ಸವೆದರೆ ಮುಂದಿನ ದಾರಿಯೇನು ಎಂದು ವೈದ್ಯರನ್ನು ಕೇಳಲೇಬೇಕು.

ಕೆಲವೊಮ್ಮೆ ಬದಲಾವಣೆ ವಿರುದ್ಧ ದಿಕ್ಕಿನಲ್ಲೂ ಆಗುತ್ತದೆ. ಹೃದಯದ ಪಂಪ್ ಶಕ್ತಿ ಕುಗ್ಗಿದವರಲ್ಲಿ ಬೈಪಾಸ್‌ನಿಂದ ಆಯುಸ್ಸು ಹೆಚ್ಚುತ್ತದೆಯೇ ಎಂದು ಪರೀಕ್ಷಿಸಿದ ‘ಸ್ಟಿಚ್’ ಅಧ್ಯಯನಕ್ಕೆ 2011ರಲ್ಲಿ ಸ್ಪಷ್ಟ ಉತ್ತರ ಸಿಗಲಿಲ್ಲ. ಹತ್ತು ವರ್ಷಗಳ ಲೆಕ್ಕ 2016ರಲ್ಲಿ ಹೊರಬಂದಾಗ ಬರೀ ಔಷಧ ಪಡೆದವರಲ್ಲಿ ಶೇ 66.1, ಬೈಪಾಸ್ ಕೂಡ ಆದವರಲ್ಲಿ ಶೇ 58.9 ಮಂದಿ ತೀರಿಕೊಂಡಿದ್ದರು.

ಎರಡನೆಯದಾಗಿ, ಒಟ್ಟುಗೂಡಿಸಿದ ಅಂಕಿಯನ್ನು ಬಿಡಿಸಿ ನೋಡಿ. ಮಧುಮೇಹದ ಜೊತೆಗೆ ಹಲವು ಹೃದಯ ರಕ್ತನಾಳಗಳು ಕಟ್ಟಿಕೊಂಡಿದ್ದವರ ಕುರಿತ ‘ಫ್ರೀಡಂ’ ಅಧ್ಯಯನದಲ್ಲಿ (2012) ಮರಣ, ಹೃದಯಾಘಾತ, ಪಾರ್ಶ್ವವಾಯು ಮೂರೂ ಸೇರಿ ಐದು ವರ್ಷಗಳಲ್ಲಿ ಸ್ಟೆಂಟ್ ಹಾಕಿಸಿಕೊಂಡವರಿಗೆ ಶೇ 26.6, ಬೈಪಾಸ್ ಆದವರಿಗೆ ಶೇ 18.7. ಬೈಪಾಸ್ ಪರವಾಗಿರುವ ಈ ಲೆಕ್ಕದ ಒಳಗೇ ಪಾರ್ಶ್ವವಾಯು ಮಾತ್ರ ಬೈಪಾಸ್ ಗುಂಪಿನಲ್ಲಿ ಶೇ 5.2, ಸ್ಟೆಂಟ್ ಗುಂಪಿನಲ್ಲಿ ಶೇ 2.4 ಇತ್ತು. ನಿಮ್ಮ ರೋಗಿ ಮೊದಲೇ ಪಾರ್ಶ್ವವಾಯುವಿಗೆ ತುತ್ತಾಗಿದ್ದರೆ ಈ ಒಂದು ಸಾಲನ್ನು ಬರೆದುಕೊಂಡು ಹೋಗಿ ಶಸ್ತ್ರಚಿಕಿತ್ಸಕರ ಮುಂದಿಡುವುದು ಒಳ್ಳೆಯದು.

ಕೊನೆಯದಾಗಿ, ಇದೇ ಶಸ್ತ್ರಚಿಕಿತ್ಸೆಯಲ್ಲಿ ಆ ಆಸ್ಪತ್ರೆಯ ಫಲಿತಾಂಶ ಹೇಗಿದೆ ಎಂದು ಸಂಕೋಚವಿಲ್ಲದೆ ವಿಚಾರಿಸಿ. ಆದರೆ ಬರೀ ಮರಣ ಪ್ರಮಾಣವನ್ನು ಹೋಲಿಸಬೇಡಿ: ಬೇರೆಡೆ ನಿರಾಕರಿಸಲಾದ ಗಂಭೀರ ರೋಗಿಗಳನ್ನು ಸೇರಿಸಿಕೊಳ್ಳುವ ಆಸ್ಪತ್ರೆಯಲ್ಲಿ ಅದು ಸಹಜವಾಗಿಯೇ ಹೆಚ್ಚಿರುತ್ತದೆ; ರೋಗಿಗಳ ವಯಸ್ಸು, ಮೂತ್ರಪಿಂಡದ ಸ್ಥಿತಿ, ತುರ್ತಿನ ಮಟ್ಟ ಇವುಗಳಿಗೆ ಹೊಂದಿಸಿ ಲೆಕ್ಕ ಹಾಕಿದ ಅಂಕಿಯನ್ನೇ ಕೇಳಿ ಪಡೆಯಿರಿ.