ಹಳೇ ಮರದ ಡೆಕ್‌ಗೆ ರೇಲಿಂಗ್ ಕಂಬ: ಅಲುಗದ ಹಾಗೆ ಬಿಗಿಯುವುದು ಹೇಗೆ?

ಡೆಕ್ ಅಂದರೆ ಮನೆಯ ಹೊರಗೆ ನೆಲದಿಂದ ಎತ್ತರಿಸಿ ಕಟ್ಟಿದ ಮರದ ಜಗಲಿ. ಅದರ ರೇಲಿಂಗ್ ಅಲುಗಾಡಿದರೆ ಜನ ಸಾಮಾನ್ಯವಾಗಿ ಮಾಡುವುದು ಒಂದೇ ಕೆಲಸ. ಕಂಬದ ಬುಡಕ್ಕೆ ಇನ್ನೆರಡು ಸ್ಕ್ರೂ ಹೊಡೆಯುತ್ತಾರೆ. ಸ್ವಲ್ಪ ದಿನ ಸುಮ್ಮನಿರುತ್ತದೆ, ಆಮೇಲೆ ಮತ್ತೆ ಅದೇ ಕಥೆ. ಯಾಕೆಂದರೆ ಬಹಳ ಕಡೆ ಸಡಿಲ ಇರುವುದು ಕಂಬವಲ್ಲ, ಕಂಬ ನಂಬಿಕೊಂಡಿರುವ ಅಂಚಿನ ತೊಲೆ.

ಡೆಕ್ ಕೆಳಗೆ ಬಗ್ಗಿ ನೋಡಿ. ನಾವು ನಡೆದಾಡುವ ಹಲಗೆಗಳ ಕೆಳಗೆ ಸಾಲಾಗಿ ಜಂತೆಗಳು ಇರುತ್ತವೆ. ಆ ಜಂತೆಗಳ ತುದಿಗೆ ಅಡ್ಡಲಾಗಿ ಹೊಡೆದಿರುವುದೇ ಅಂಚಿನ ತೊಲೆ. ಅದನ್ನು ಹಿಡಿದಿರುವುದು ಬರೀ ಮೊಳೆಗಳು, ಅದೂ ಜಂತೆಯ ತುದಿಯೊಳಗೆ, ಮರದ ಎಳೆಯ ಉದ್ದಕ್ಕೇ ಇಳಿದ ಮೊಳೆಗಳು. ಹಾಗೆ ಹೊಡೆದ ಮೊಳೆ ಎಳೆದರೆ ಸಲೀಸಾಗಿ ಬಂದುಬಿಡುತ್ತದೆ. ಕಂಬಕ್ಕೆ ಎಷ್ಟೇ ದಪ್ಪ ಬೋಲ್ಟ್ ಹಾಕಿ, ಯಾರಾದರೂ ಜೋರಾಗಿ ಒರಗಿದಾಗ ಅಂಚಿನ ತೊಲೆಯೇ ಹೊರಕ್ಕೆ ಮಗುಚಿಕೊಳ್ಳುತ್ತದೆ.

ಬಲದ ಲೆಕ್ಕ ಒಂಚೂರು ನೋಡೋಣ. ಅಮೆರಿಕದ ಮನೆಗಳ ಕಟ್ಟಡ ನಿಯಮದಲ್ಲಿ ರೇಲಿಂಗಿನ ಮೇಲ್ತುದಿ 200 ಪೌಂಡ್, ಅಂದರೆ ಸುಮಾರು 90 ಕೆ.ಜಿ. ತಳ್ಳುವಿಕೆ ತಡೆಯಬೇಕು ಅಂತಿದೆ. ಎತ್ತರ ಕನಿಷ್ಠ 36 ಇಂಚು, ಅಂದರೆ 91 ಸೆಂ.ಮೀ. ಇಷ್ಟು ಎತ್ತರದಲ್ಲಿ 90 ಕೆ.ಜಿ. ತಳ್ಳಿದರೆ ಕೆಳಗೆ 13 ಸೆಂ.ಮೀ. ಅಂತರದಲ್ಲಿರುವ ಎರಡು ಬೋಲ್ಟ್‌ಗಳಲ್ಲಿ ಮೇಲಿನದಕ್ಕೆ ಬೀಳುವ ಎಳೆತ ಹತ್ತಿರ ಹತ್ತಿರ 770 ಕೆ.ಜಿ! ಉದ್ದ ಹಿಡಿಕೆಯ ಸುತ್ತಿಗೆಯಿಂದ ಮೊಳೆ ಕಿತ್ತಂತೆಯೇ ಇದು, ಇಲ್ಲಿ ಹಿಡಿಕೆ ಕಂಬ, ಮೊಳೆ ನಿಮ್ಮ ಬೋಲ್ಟ್. ಈ ಎಳೆತವನ್ನು ಅಂಚಿನ ತೊಲೆ ದಾಟಿಸಿ ಒಳಗಿನ ಜಂತೆಗೆ ಮುಟ್ಟಿಸುವುದೇ ಇಡೀ ಕೆಲಸ. ಉಳಿದದ್ದೆಲ್ಲ ಬರೀ ನೇರ, ಮಟ್ಟ, ಅಂದ.

ಮೊದಲು ಮರ ನೋಡಿ

ಕಂಬ ಬರುವ ಜಾಗದ ಒಂದೆರಡು ಹಲಗೆ ಬಿಚ್ಚಿ. ಸ್ಕ್ರೂಡ್ರೈವರ್ ತುದಿಯಿಂದ ಅಂಚಿನ ತೊಲೆಯನ್ನೂ ಜಂತೆಯ ತುದಿಯನ್ನೂ ಒತ್ತಿ ನೋಡಿ. ಗಟ್ಟಿ ಮರದಲ್ಲಿ ತುದಿ ಹೋಗುವುದಿಲ್ಲ. ಲಡ್ಡಾದ ಮರದಲ್ಲಿ ಮೆತ್ತಗೆ ಇಳಿಯುತ್ತದೆ, ಚಕ್ಕೆ ಏಳುವುದರ ಬದಲು ಪುಡಿ ಉದುರುತ್ತದೆ. ಹಾಗಿದ್ದರೆ ಕಂಬದ ಮಾತು ಆಮೇಲೆ, ಮೊದಲು ಆ ತೊಲೆ ಬದಲಾಯಿಸಿ. ಇದರಲ್ಲಿ ರಾಜಿ ಬೇಡ. ಹಳೇ ರೇಲಿಂಗ್ ಬಿಚ್ಚಿದ ಕಡೆ ಕೆಲಸ ಮುಗಿಯುವ ತನಕ ಏನಾದರೂ ಅಡ್ಡ ಕಟ್ಟಿ, ಮಕ್ಕಳಿರುವ ಮನೆಯಾದರಂತೂ ಮರೆಯಲೇಬೇಡಿ.

ಕಂಬಕ್ಕೆ ಸುಮಾರು 9 ಸೆಂ.ಮೀ. ಚೌಕದ, ಹೊರಗಿನ ಬಳಕೆಗೆಂದೇ ಸಂಸ್ಕರಿಸಿದ ಮರ ಸಾಕು. ಒಂದು ಕಂಬದಿಂದ ಇನ್ನೊಂದಕ್ಕೆ 6 ಅಡಿಗಿಂತ ಜಾಸ್ತಿ ಬಿಡಬೇಡಿ. ಕತ್ತರಿಸಿದ ತುದಿಗಳಿಗೆ ಮರದ ರಕ್ಷಕ ದ್ರಾವಣ ಹಚ್ಚಿ, ಏಕೆಂದರೆ ಸಂಸ್ಕರಣೆ ಎಷ್ಟೋ ಸಲ ಮರದ ತಿರುಳಿನವರೆಗೆ ಇಳಿದಿರುವುದಿಲ್ಲ.

ಇನ್ನು ಕಚ್ಚು ಹೊಡೆಯುವ ಅಭ್ಯಾಸ. ಕಂಬದ ಬುಡದಲ್ಲಿ ಅರ್ಧ ದಪ್ಪ ಕೆತ್ತಿ ತೊಲೆಯ ಮೇಲೆ ಕೂರಿಸಿದರೆ ನೋಡೋಕೆ ಚೆನ್ನಾಗಿರುತ್ತದೆ, ನಿಜ. ಆದರೆ ಎಳೆತ ಅತಿ ಜಾಸ್ತಿ ಇರುವ ಜಾಗದಲ್ಲೇ ಅರ್ಧ ಮರ ಹೋಯಿತಲ್ವಾ? ಕಚ್ಚಿನ ಮೂಲೆಯಿಂದ ಎಳೆಯ ಗುಂಟ ಸೀಳು ಶುರುವಾಗುತ್ತದೆ. ಕಂಬ ಪೂರ್ತಿ ದಪ್ಪ ಇರಲಿ. ಹಲಗೆಯ ಮೇಲೆ ಸ್ಕ್ರೂ ಹೊಡೆದು ಕೂರಿಸುವ ಲೋಹದ ಪಾದವೂ ನನಗೆ ಒಪ್ಪಿಗೆಯಿಲ್ಲ, ಅದು ಹಿಡಿಯುವುದು ತೆಳು ಹಲಗೆಯನ್ನು ಮಾತ್ರ.

ಬಿಗಿಯುವುದು

ಕಂಬವನ್ನು ಅಂಚಿನ ತೊಲೆಗೆ ಒತ್ತಿ ಕ್ಲ್ಯಾಂಪ್ ಹಾಕಿ. ಒಳಗೋ ಹೊರಗೋ ನಿಮ್ಮಿಷ್ಟ, ಆದರೆ ಆದಷ್ಟು ಜಂತೆಯ ಪಕ್ಕದಲ್ಲೇ ಬರಲಿ. ರಸಮಟ್ಟವನ್ನು ಕಂಬದ ಒಂದಕ್ಕೊಂದು ತಾಗಿದ ಎರಡು ಮುಖಗಳಿಗೆ ಇಟ್ಟು ನೋಡಿ, ಒಂದೇ ಮುಖ ನೋಡಿದರೆ ಇನ್ನೊಂದು ಕಡೆಗೆ ವಾಲಿರುವುದು ಗೊತ್ತಾಗುವುದಿಲ್ಲ. ಸಾಲಿನ ಎರಡು ತುದಿಯ ಕಂಬ ಮೊದಲು ನಿಲ್ಲಿಸಿ ದಾರ ಕಟ್ಟಿಕೊಂಡರೆ ನಡುವಿನವು ತಾವಾಗೇ ಸಾಲಿಗೆ ಬರುತ್ತವೆ.

12 ಮಿ.ಮೀ. ಬೋಲ್ಟ್‌ಗೆ 13 ಮಿ.ಮೀ. ತೂತು ಸಾಕು. ಮೇಲಿನ ಬೋಲ್ಟ್ ತೊಲೆಯ ಮೇಲಂಚಿನಿಂದ 5 ಸೆಂ.ಮೀ. ಕೆಳಗೆ, ಕೆಳಗಿನದು ಕೆಳಂಚಿನಿಂದ 5 ಸೆಂ.ಮೀ. ಮೇಲೆ. ಎರಡೂ ಒಂದೇ ಗೆರೆಯಲ್ಲಿ ಬೇಡ, ಸ್ವಲ್ಪ ಆಚೀಚೆ ಇದ್ದರೆ ಮರ ಸೀಳುವ ಭಯ ಕಡಿಮೆ. ಬೋಲ್ಟ್ ಕಂಬವನ್ನೂ ತೊಲೆಯನ್ನೂ ಪೂರ್ತಿ ಹಾದು ಆಚೆ ಬರಬೇಕು, ಹಿಂದೆ ವಾಷರ್ ಮತ್ತು ನಟ್. ಅರ್ಧಕ್ಕೇ ನಿಲ್ಲುವ ದಪ್ಪ ಸ್ಕ್ರೂ ಇದಕ್ಕೆ ಬದಲಿಯಲ್ಲ.

ಈಗ ಅಸಲಿ ವಿಷಯ. ಮೇಲಿನ ಬೋಲ್ಟ್‌ಗೆ ಬರೀ ವಾಷರ್ ಹಾಕಿ ನಿಲ್ಲಿಸಬೇಡಿ. ಎಳೆತ ತಡೆಯಲೆಂದೇ ಮಾಡಿದ ಉಕ್ಕಿನ ಬ್ರಾಕೆಟ್ ಸಿಗುತ್ತದೆ, ಅದು ಜಂತೆಯ ಪಕ್ಕಕ್ಕೆ ಸ್ಕ್ರೂಗಳಿಂದ ಕೂರುತ್ತದೆ. ಬೋಲ್ಟಿನ ತುದಿ ಅದರ ತೂತಿನಲ್ಲಿ ಹಾದು ಅಲ್ಲಿ ನಟ್ ಬಿಗಿಯಾಗಬೇಕು. ಆಗ ಕಂಬದ ಎಳೆತ ತುದಿಯ ಮೊಳೆಗಳ ಮೇಲೆ ಬೀಳದೆ ಸೀದಾ ಜಂತೆಯ ಉದ್ದಕ್ಕೆ ಹೋಗುತ್ತದೆ. ಬ್ರಾಕೆಟ್ ತಯಾರಕರು ಹೇಳಿದ ಸ್ಕ್ರೂಗಳನ್ನೇ ಹಾಕಿ, ಡಬ್ಬಿಯಲ್ಲಿ ಉಳಿದಿರುವ ಯಾವುದೋ ಸ್ಕ್ರೂ ಬೇಡ.

ಜಂತೆಗೆ ಸಮಾನಾಂತರವಾಗಿ ಓಡುವ ಅಂಚಿನಲ್ಲಿ ಒಂದು ತೊಡಕಿದೆ. ಅಲ್ಲಿ ಕಂಬಕ್ಕೆ ಎದುರಾಗಿ ಜಂತೆಯ ತುದಿ ಸಿಗುವುದಿಲ್ಲ, ಹೊರಗಿನ ಜಂತೆಯೇ ಅಂಚು. ಹಾಗಾಗಿ ಆ ಜಂತೆ ಮತ್ತು ಅದರ ಒಳಗಿನ ಜಂತೆಯ ನಡುವೆ ಅದೇ ಅಳತೆಯ ಅಡ್ಡತುಂಡು ಬಿಗಿಯಾಗಿ ಕೂರಿಸಿ, ಬ್ರಾಕೆಟ್ ಅದಕ್ಕೆ ಹಾಕಿ. ಅಡ್ಡತುಂಡಿನ ಇನ್ನೊಂದು ತುದಿಯನ್ನು ಮೊಳೆಗೆ ಬಿಡಬೇಡಿ, ಅಲ್ಲೂ ಬ್ರಾಕೆಟ್ ಬೇಕು, ಇಲ್ಲದಿದ್ದರೆ ಹಳೇ ತೊಂದರೆಯನ್ನೇ ಒಂದು ಜಂತೆ ಒಳಕ್ಕೆ ಸರಿಸಿದಂತಾಗುತ್ತದೆ. ಮೂಲೆಯ ಕಂಬದಲ್ಲಿ ಎರಡು ದಿಕ್ಕಿನಿಂದ ಬೋಲ್ಟ್ ಬರುತ್ತವೆ, ಒಳಗೆ ಒಂದಕ್ಕೊಂದು ಗುದ್ದದ ಹಾಗೆ ಎತ್ತರ ಬೇರೆ ಮಾಡಿ ಗುರುತು ಹಾಕಿಕೊಳ್ಳಿ.

ಬೋಲ್ಟ್, ವಾಷರ್, ಬ್ರಾಕೆಟ್ ಎಲ್ಲವೂ ಹಾಟ್ ಡಿಪ್ ಗ್ಯಾಲ್ವನೈಸ್ಡ್ (ಕರಗಿದ ಸತುವಿನಲ್ಲಿ ಅದ್ದಿ ಲೇಪನ ಮಾಡಿದ ಉಕ್ಕು) ಇರಲಿ, ಇಲ್ಲವೇ ಎಲ್ಲವೂ ಸ್ಟೇನ್‌ಲೆಸ್ ಸ್ಟೀಲ್. ಎರಡನ್ನೂ ಬೆರೆಸಿದರೆ ತೇವದಲ್ಲಿ ಸತುವಿನ ಲೇಪನ ಬೇಗ ಸವೆಯುತ್ತದೆ. ತಾಮ್ರ ಬೆರೆತ ದ್ರಾವಣದಲ್ಲಿ ಸಂಸ್ಕರಿಸಿದ ಮರ ಮಾಮೂಲಿ ಉಕ್ಕನ್ನಂತೂ ತಿಂದೇಬಿಡುತ್ತದೆ.

ನಟ್ ಬಿಗಿಯುವಾಗ ವಾಷರ್ ಮರಕ್ಕೆ ಗಟ್ಟಿಯಾಗಿ ಒತ್ತಿ ಕೂತರೆ ಸಾಕು, ಒಳಗೆ ಹೂತುಹೋಗುವಷ್ಟು ತಿರುಗಿಸಬೇಡಿ. ಬಿಚ್ಚಿದ ಹಲಗೆ ಮತ್ತೆ ಹಾಕುವ ಮೊದಲು ಕಂಬದ ತುದಿಗೆ ಒರಗಿ ಜೋರಾಗಿ ತಳ್ಳಿ, ಇನ್ನೊಬ್ಬರು ಕೆಳಗಿನಿಂದ ಅಂಚಿನ ತೊಲೆಯನ್ನೇ ನೋಡುತ್ತಿರಲಿ. ಕಂಬ ಕೊಂಚ ಬಾಗಬಹುದು, ತೊಲೆ ಮತ್ತು ಜಂತೆಯ ನಡುವೆ ಸಂದಿ ಬಾಯಿಬಿಡಬಾರದು. ಹೊಸ ಮರ ಒಣಗುತ್ತಾ ಕುಗ್ಗುತ್ತದೆ, ಕೆಲವು ತಿಂಗಳ ಮೇಲೆ ನಟ್‌ಗಳು ಸಡಿಲವಾಗಿರುವುದು ಸಹಜ. ಅದಕ್ಕೇ ಬೋಲ್ಟ್ ತಲೆಗಳ ಮೇಲೆ ಅಂದಕ್ಕೆಂದು ಪಟ್ಟಿ ಹೊಡೆದು ಮುಚ್ಚಬೇಡಿ, ಸ್ಪ್ಯಾನರ್ ಹೋಗುವಷ್ಟು ಜಾಗ ಬಿಡಿ.